ಮೋಡದ ಕಾಗದ ಮತ್ತು ಬಿಜಾಪುರದ ಜಗದ್ಗುರು ಬಾದಶಹ

ನಂಜನಗೂಡು: ಶ್ರೀಕಂಠೇಶ್ವರ ದೇವಾಲಯದಿಂದ ಕೂಗಳತೆಯ ದೂರದಲ್ಲಿರುವ ಹಳೆಯ ಮನೆಯೊಂದರ ಹಿತ್ತಿಲಿನಲ್ಲಿ ಬೇಸಿಗೆಯ ಒಂದು ಬೆಳಿಗ್ಗೆ ತಾಯಿ ಮಗಳಿಬ್ಬರು ಅಗಲವಾದ ಪ್ಲಾಸ್ಟಿಕ್ ತಟ್ಟೆಯೊಂದರ ಮುಂದೆ ಕುಳಿತಿದ್ದರು. ತಟ್ಟೆಯಲ್ಲಿದ್ದುದು ಬರಿಯ ನೀರಲ್ಲ; ರಾತ್ರಿಯೆಲ್ಲ ನೆನೆದ ಮೆಂತ್ಯವನ್ನು ಕುದಿಸಿ, ಬಟ್ಟೆಯಲ್ಲಿ ಸೋಸಿ ತೆಗೆದ ತೆಳುವಾದ ಲೋಳೆ. ಅದರ ಮೇಲೆ ಮಗಳು ಕಡ್ಡಿಯಿಂದ ಒಂದೊಂದೇ ಹನಿ ನೀಲಿ, ಕೆಂಪು, ಬಿಳಿ ಬಣ್ಣಗಳನ್ನು ಬಿಡುತ್ತಿದ್ದಳು. ಹನಿ ಮುಳುಗದೆ ಮೇಲೆಯೇ ನಿಂತು ನಾಣ್ಯದಗಲ ಹರಡುತ್ತಿತ್ತು. ತಾಯಿ ಹಳೆಯ ಬಾಚಣಿಗೆಯೊಂದನ್ನು ಅದರ ಮೇಲೆ ಮೆಲ್ಲನೆ ಎಳೆದರು. ಬಣ್ಣಗಳೆಲ್ಲ ನವಿಲುಗರಿಯಂತೆ ಬಾಗಿದವು. ಬಿಳಿಯ ಹಾಳೆಯೊಂದನ್ನು ಮೂಲೆಯಿಂದ ಇಳಿಸಿ ಎತ್ತಿದಾಗ ಆ ಚಿತ್ತಾರವಷ್ಟೂ ಹಾಳೆಗೆ ಬಂದಿತ್ತು. ತಟ್ಟೆಯ ಲೋಳೆ ಮತ್ತೆ ತಿಳಿಯಾಗಿತ್ತು. ಹುಡುಗಿ ಹಾಳೆಯನ್ನು ಹಗ್ಗಕ್ಕೆ ಹಾಕುವ ಮುನ್ನ ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ತನ್ನ ಹೆಸರು, ತಾರೀಖು ಬರೆದಳು.

ಈ ಕಲೆ ಎಲ್ಲಿಯದೆಂದು ಕೇಳಿದರೆ ಅವರಿಗೆ ತಿಳಿದಿದ್ದುದು ಟರ್ಕಿ ಮತ್ತು ಜಪಾನ್. ತಪ್ಪೇನಲ್ಲ. ಜಪಾನಿನಲ್ಲಿ 12ನೇ ಶತಮಾನದ ವೇಳೆಗೇ ನೀರಿನ ಮೇಲೆ ಮಸಿ ತೇಲಿಸಿ ಹಾಳೆಗೆ ಹಿಡಿಯುವ ಸುಮಿನಗಾಶಿ ಎಂಬ ವಿದ್ಯೆಯಿತ್ತು. ಟರ್ಕಿಯ ಎಬ್ರು ಜಗತ್ಪ್ರಸಿದ್ಧ. ಆದರೆ ತೇಲುವ ಬಣ್ಣದಿಂದ ಬರಿಯ ಚಿತ್ತಾರವನ್ನಲ್ಲದೆ ಆನೆ, ಕುದುರೆ, ಸಂನ್ಯಾಸಿಗಳ ಚಿತ್ರಗಳನ್ನೇ ಮೂಡಿಸಿದ ಒಂದು ಊರು ಕರ್ನಾಟಕದಲ್ಲೇ ಇದೆಯೆಂಬುದು ನಮ್ಮವರಿಗೇ ತಿಳಿದಂತಿಲ್ಲ. ಅದು ಬಿಜಾಪುರ, ಅಂದರೆ 2014ರ ನವೆಂಬರ್‌ನಿಂದ ಅಧಿಕೃತವಾಗಿ ವಿಜಯಪುರ. ಆ ಊರಿನಲ್ಲಿ ಕಾಗದಕ್ಕೂ ಲೇಖನಿಗೂ ಬಣ್ಣಕ್ಕೂ ಅಂಥ ಮರ್ಯಾದೆ ದೊರಕಿಸಿದವನು ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ. ಜನರ ಬಾಯಲ್ಲಿ ಜಗದ್ಗುರು ಬಾದಶಹ.

ಒಂಬತ್ತರ ಹರೆಯದ ಅರಸು

ಇಬ್ರಾಹಿಂ ಹುಟ್ಟಿದ್ದು 1571ರ ಸುಮಾರಿಗೆ. ತಂದೆ ತಹಮಾಸ್ಪ್ ಸಿಂಹಾಸನವೇರಿದವನಲ್ಲ. ದೊಡ್ಡಪ್ಪ ಮೊದಲನೆಯ ಅಲಿ ಆದಿಲ್ ಶಾಹನಿಗೆ ಗಂಡು ಮಕ್ಕಳಿರಲಿಲ್ಲ. 1565ರಲ್ಲಿ ವಿಜಯನಗರದ ಎದುರು ನಡೆದ ರಕ್ಕಸತಂಗಡಿ ಯುದ್ಧದಲ್ಲಿ ಪಾಲ್ಗೊಂಡ ಸುಲ್ತಾನರಲ್ಲಿ ಒಬ್ಬನಾದ ಈ ಅಲಿ, 1580ರಲ್ಲಿ ಅರಮನೆಯಲ್ಲೇ ಸೇವಕನೊಬ್ಬನ ಕೈಯಿಂದ ಹತನಾದ. ಒಂಬತ್ತು ವರ್ಷದ ಬಾಲಕ ಗದ್ದುಗೆಯ ಮೇಲೆ ಕುಳಿತ.

ಕುಳಿತನೇ ಹೊರತು ಆಳಲಿಲ್ಲ. ಮುಂದಿನ ಹತ್ತು ವರ್ಷ ಬಿಜಾಪುರವನ್ನು ಆಳಿದವರು ಒಬ್ಬರ ಹಿಂದೊಬ್ಬರು ಬಂದ ರಾಜಪ್ರತಿನಿಧಿಗಳು. ಕಾಮಿಲ್ ಖಾನ್ ಹೋದ, ಕಿಶ್ವರ್ ಖಾನ್ ಬಂದ. ಅಲಿಯ ವಿಧವೆ, ಅಹಮದನಗರದ ರಾಜಕುಮಾರಿ ಚಾಂದ್ ಬೀಬಿ ಬಾಲಕನನ್ನು ಮಗನಂತೆ ನೋಡಿಕೊಂಡವಳು. ಕಿಶ್ವರ್ ಖಾನ್ ಆಕೆಯನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಆಫ್ರಿಕಾ ಮೂಲದ ಹಬ್ಶಿ ಸರದಾರ ಇಖ್ಲಾಸ್ ಖಾನ್ ಬಂಡೆದ್ದು ಆಕೆಯನ್ನು ಮರಳಿ ಕರೆತಂದ. ಆತನನ್ನೂ ಬೀಳಿಸಿದ ಮತ್ತೊಬ್ಬ ಹಬ್ಶಿ ದಿಲಾವರ್ ಖಾನ್, ಇಖ್ಲಾಸನ ಕಣ್ಣು ಕೀಳಿಸಿ ಎಂಟು ವರ್ಷ ರಾಜ್ಯವನ್ನು ಮುಷ್ಟಿಯಲ್ಲಿಟ್ಟುಕೊಂಡ. 1590ರಲ್ಲಿ, ಹತ್ತೊಂಬತ್ತರ ಆಸುಪಾಸಿನ ಇಬ್ರಾಹಿಂ ದಿಲಾವರನನ್ನು ಕಿತ್ತೊಗೆದು ಅಧಿಕಾರವನ್ನು ಕೈಗೆ ತೆಗೆದುಕೊಂಡ. ಚಾಂದ್ ಬೀಬಿ ಅಷ್ಟರಲ್ಲಾಗಲೇ ತವರಿಗೆ ಮರಳಿದ್ದಳು; ಮೊಘಲರ ವಿರುದ್ಧ ಅಹಮದನಗರದ ಕೋಟೆಯನ್ನು ಉಳಿಸಿಕೊಂಡ ಆಕೆಯ ಸಾಹಸದ ಕಥೆ ಬೇರೆಯೇ.

ಈ ಬಾಲ್ಯವನ್ನು ಮರೆತು ಇಬ್ರಾಹಿಮನನ್ನು ಬರಿಯ ರಸಿಕನೆಂದು ಚಿತ್ರಿಸುವುದು ಸರಿಯಲ್ಲ. ಬೆಳಗಾವಿಯ ಕೋಟೆಯಲ್ಲಿದ್ದ ಸ್ವಂತ ತಮ್ಮ ಇಸ್ಮಾಯಿಲ್ 1594ರ ಸುಮಾರಿಗೆ ದಂಗೆಯೆದ್ದಾಗ ಆತನಿಗೂ ಉಳಿಗಾಲವಿರಲಿಲ್ಲ. ಕಲೆಯ ಆಸ್ಥಾನವೆಂದು ಹೊಗಳಿಸಿಕೊಂಡ ಅರಮನೆಯ ಹಿನ್ನೆಲೆಯಲ್ಲಿ ಇಂಥ ಕತ್ತಲೆಯೂ ಇತ್ತು.

ವೀಣೆ, ಆನೆ, ಒಂಬತ್ತು ರಸ

ಆದರೂ ಇಬ್ರಾಹಿಂನನ್ನು ಜನ ನೆನೆಯುವುದು ಯುದ್ಧಗಳಿಗಾಗಿ ಅಲ್ಲ. ದೊರೆ ಸ್ವತಃ ಗಾಯಕ, ವಾದಕ, ಕವಿ. ದಖ್ಖನಿ ಭಾಷೆಯಲ್ಲಿ ಆತ ರಚಿಸಿದ ಕಿತಾಬ್-ಎ-ನೌರಸ್‌ನಲ್ಲಿ ವಿವಿಧ ರಾಗಗಳಿಗೆ ಹೊಂದಿಸಿದ 59 ಗೀತೆಗಳೂ 17 ದ್ವಿಪದಿಗಳೂ ಇವೆ. ಸರಸ್ವತಿಯ ಸ್ತುತಿ, ಗಣಪತಿಯ ಸ್ತುತಿ, ಜೊತೆಗೇ ಕಲಬುರಗಿಯ ಸೂಫಿ ಸಂತ ಬಂದೇ ನವಾಜ್ ಗೇಸುದರಾಜರಿಗೆ ವಂದನೆ. ಮೋತಿ ಖಾನ್ ಎಂದು ಹೆಸರಿಟ್ಟಿದ್ದ ತಂಬೂರವನ್ನು, ಆತಶ್ ಖಾನ್ ಎಂಬ ಪಟ್ಟದ ಆನೆಯನ್ನು ದೊರೆ ತನ್ನ ಹಾಡುಗಳಲ್ಲಿ ಮನೆಯವರನ್ನು ನೆನೆದಂತೆ ನೆನೆಯುತ್ತಾನೆ. ಸರಸ್ವತಿಯ ಹೆಸರಿನಿಂದ ಆರಂಭವಾಗುವ ಆತನ ಫರ್ಮಾನುಗಳೂ ಉಂಟು. ಬಿಜಾಪುರದ ಕೋಟೆಯೊಳಗಿನ ನರಸಿಂಹ ಸರಸ್ವತಿ ಗುಡಿಗೆ ಬಾದಶಹ ನಡೆದುಕೊಳ್ಳುತ್ತಿದ್ದನೆಂಬ ಪ್ರತೀತಿ ಇಂದಿಗೂ ಊರಿನಲ್ಲಿದೆ. ಜಗದ್ಗುರು ಎಂಬ ಬಿರುದು ಅಂಟಿದ್ದು ಹೀಗೆ.

ಒಂಬತ್ತು ಎಂಬ ಸಂಖ್ಯೆಯ ಮೇಲೆ ಆತನಿಗೆ ವಿಚಿತ್ರ ಮೋಹ. 1599ರಲ್ಲಿ ಬಿಜಾಪುರದ ಪಶ್ಚಿಮಕ್ಕೆ, ತೊರವಿಯ ಬಳಿ ನವರಸಪುರವೆಂಬ ಹೊಸ ನಗರಿಯ ನಿರ್ಮಾಣವನ್ನೇ ಕೈಗೊಂಡ. ಸಂಗೀತಗಾರರಿಗೂ ಕಲಾವಿದರಿಗೂ ಅಲ್ಲಿ ನೆಲೆ. ಇಂದು ಅಲ್ಲಿ ಸಂಗೀತ ಮಹಲಿನ ಎತ್ತರದ ಕಮಾನುಗಳೂ ಮುರಿದ ಗೋಡೆಗಳೂ ಉಳಿದಿವೆ.

ಹೊರನಾಡಿನವರು ಬಂದು ಸೇರುವ ಊರಾಗಿತ್ತು ಬಿಜಾಪುರ. ಇತಿಹಾಸಕಾರ ಫಿರಿಶ್ತಾ ಅಹಮದನಗರದಿಂದ ಬಂದು ಇಲ್ಲಿಯೇ ಕುಳಿತು ತನ್ನ ಬೃಹತ್ ಇತಿಹಾಸವನ್ನು ಬರೆದು ದೊರೆಗೆ ಅರ್ಪಿಸಿದ. ಪರ್ಷಿಯನ್ ಕವಿ ಜುಹೂರಿ ಇಲ್ಲಿಯ ಆಸ್ಥಾನದಲ್ಲಿದ್ದ. ಫರ್ರುಖ್ ಹುಸೇನ್ ಎಂಬ ಚಿತ್ರಕಾರನಿದ್ದ. ಹಾಲೆಂಡಿನ ಹಾರ್ಲೆಮ್ ಪಟ್ಟಣದ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರನೂ ಹಲವು ವರ್ಷ ಇಲ್ಲಿಯೇ ಇದ್ದ ಎಂದರೆ ಓದುಗರಿಗೆ ಅಚ್ಚರಿಯಾಗಬಹುದು. 1603-04ರಲ್ಲಿ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗ್ ಬಿಜಾಪುರದ ಪೇಟೆಯ ಸಿರಿಯನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಬಾದಶಹ ಮರಾಠಿಯನ್ನು ಸರಾಗವಾಗಿ ಆಡುತ್ತಾನೆ, ಪರ್ಷಿಯನ್ನಿನಲ್ಲಿ ತಡವರಿಸುತ್ತಾನೆ ಎಂಬುದನ್ನೂ ಆತ ಗಮನಿಸಿದ್ದ. ಹಿಂದಿರುಗುವಾಗ ಆತ ಆಗ್ರಾಕ್ಕೆ ಒಯ್ದ ವಸ್ತುಗಳಲ್ಲಿ ತಂಬಾಕು ಕೂಡ ಒಂದು. ಮೊಘಲ್ ದರಬಾರು ಹೊಗೆಸೊಪ್ಪಿನ ರುಚಿ ಕಂಡದ್ದು ಬಿಜಾಪುರದ ಕೃಪೆಯಿಂದ!

ಮೋಡದ ಕಾಗದ

ಇಂಥ ಊರಿನಲ್ಲಿ ಕಾಗದಕ್ಕೆ ಬೆಲೆ ಬಂದದ್ದು ಸಹಜವೇ. ಒಳ್ಳೆಯ ಕೈಬರಹದ ಒಂದು ಪುಟವನ್ನು ಆ ಕಾಲದವರು ಚಿತ್ರದಂತೆ ಸಂಗ್ರಹಿಸುತ್ತಿದ್ದರು. ಅಂಥ ಪುಟಕ್ಕೆ ಅಂಚು ಕಟ್ಟಲು, ಗ್ರಂಥದ ರಟ್ಟಿನ ಒಳಬದಿಗೆ ಅಂಟಿಸಲು, ಕೆಲವೊಮ್ಮೆ ಬರೆಯಲೂ ಬಣ್ಣದ ಹಾಳೆ ಬೇಕಾಗಿತ್ತು. ಅದೇ ಅಬ್ರಿ. ಪರ್ಷಿಯನ್ನಿನಲ್ಲಿ ಅಬ್ರ್ ಎಂದರೆ ಮೋಡ; ಅಬ್ರಿ ಎಂದರೆ ಮೋಡದಂಥದು. ಟರ್ಕಿಯವರ ಎಬ್ರುವಿಗೂ ಇದೇ ಮೂಲವೆಂದು ಹೆಚ್ಚಿನವರ ಅಭಿಪ್ರಾಯ.

ಇರಾನಿನಿಂದ ದಖ್ಖನಿಗೆ ವಲಸೆ ಬಂದ ಮೀರ್ ಮುಹಮ್ಮದ್ ತಾಹಿರ್ ಎಂಬವನ ಹೆಸರು ಈ ಕಾಗದದ ಇತಿಹಾಸದಲ್ಲಿ ಮುಖ್ಯವಾದುದು. ಹನಿಗಳನ್ನು ಬರಿದೆ ಹರಡಲು ಬಿಡದೆ, ಸೂಜಿ, ಬಾಚಣಿಗೆಗಳಿಂದ ಎಳೆದು ನಿಯಮಬದ್ಧ ವಿನ್ಯಾಸಕ್ಕೆ ತರುವ ಹೊಸ ಬಗೆಗಳೊಂದಿಗೆ ಸಂಶೋಧಕರು ಆತನ ಹೆಸರನ್ನು ಜೋಡಿಸುತ್ತಾರೆ. ಸಾಮಾನ್ಯವಾಗಿ ಕಲೆಗಳು ಇರಾನಿನಿಂದ ಇಲ್ಲಿಗೆ ಬಂದುವೆಂದೇ ನಾವು ಓದುತ್ತೇವೆ. ಈ ಒಂದು ವಿಷಯದಲ್ಲಿ ವಿದ್ಯೆ ಇಲ್ಲಿಂದ ಅಲ್ಲಿಗೂ ಹರಿಯಿತು.

ಬಿಜಾಪುರದವರು ಇಟ್ಟ ಮುಂದಿನ ಹೆಜ್ಜೆ ಇನ್ನೂ ಕುತೂಹಲಕರ. ಹಾಳೆಯ ಮೇಲೆ ಬೇಕಾದ ಆಕಾರವನ್ನು ಗುರುತಿಸಿ, ಬಣ್ಣ ಹತ್ತಬಾರದ ಭಾಗವನ್ನೆಲ್ಲ ಗೋಂದು ಬಳಿದೋ ಕತ್ತರಿಸಿದ ಕಾಗದ ಮುಚ್ಚಿಯೋ ಮರೆಮಾಡುವುದು. ಹಾಳೆಯನ್ನು ತೇಲುವ ಬಣ್ಣಕ್ಕೆ ತಾಗಿಸುವುದು. ಒಣಗಿದ ಮೇಲೆ ಆ ಮರೆಯನ್ನು ತೆಗೆದು, ಬಣ್ಣ ಹತ್ತಿದ ಭಾಗವನ್ನು ಮುಚ್ಚಿ, ಬೇರೆಯ ಬಣ್ಣಕ್ಕೆ ಮತ್ತೊಮ್ಮೆ ತಾಗಿಸುವುದು. ಹೀಗೆ ಒಂದೇ ಹಾಳೆ ಎರಡು ಮೂರು ಬಾರಿ ತಟ್ಟೆ ಕಾಣಬೇಕು. ಒಮ್ಮೆ ಕೈ ನಡುಗಿದರೂ ಹಿಂದಿನ ದುಡಿಮೆಯೆಲ್ಲ ವ್ಯರ್ಥ. ಕೊನೆಗೆ ತೆಳುವಾದ ಕುಂಚದಿಂದ ಕಣ್ಣು, ಗೊರಸು, ಕಡಿವಾಣದ ಗೆರೆಗಳು. ಕೆಲವು ಚಿತ್ರಗಳಲ್ಲಿ ಮೋಡ ತುಂಬಿರುವುದು ಪ್ರಾಣಿಯ ಮೈಯಲ್ಲಿ, ಹಿನ್ನೆಲೆ ಬರಿದು. ಕೆಲವುಗಳಲ್ಲಿ ಇದಕ್ಕೆ ವಿರುದ್ಧ.

ಇವುಗಳಲ್ಲಿ ಹೆಸರಾಂತದ್ದು ಎಲುಬು ಎದ್ದು ಕಾಣುವ ಬಡಕಲು ಕುದುರೆಯ ಮೇಲೆ ಕುಳಿತ ವಿರಾಗಿಯ ಚಿತ್ರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ಇದು 17ನೇ ಶತಮಾನದ ಬಿಜಾಪುರದ ಕೃತಿ. ಬಡಕಲು ಕುದುರೆ ಸೂಫಿ ಚಿಂತನೆಯಲ್ಲಿ ಪಳಗಿಸಬೇಕಾದ ದೇಹವಾಸನೆಯ ಸಂಕೇತ. ವಿರಾಗಿಯೊಬ್ಬನ ಚಿತ್ರವನ್ನು ಹಿಡಿತಕ್ಕೆ ಸಿಗದೆ ಹರಿಯುವ ಬಣ್ಣದಿಂದಲೇ ಮಾಡಿದ್ದು ಉಚಿತವಾಗಿಯೇ ಇದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ವಿದ್ವಾಂಸರು ಇಂಥ ಚಿತ್ರಗಳಲ್ಲಿ ಹೆಚ್ಚಿನವನ್ನು 17ನೇ ಶತಮಾನದ ಮೊದಲ ಅರ್ಧ ಹಾಗೂ ಅದರ ಆಸುಪಾಸಿನವೆಂದು ಗುರುತಿಸುತ್ತಾರೆ. ಅಂದರೆ ಕೆಲವು ಇಬ್ರಾಹಿಂನ ಕಾಲಕ್ಕೆ, ಕೆಲವು ಆತನ ಮಗ ಮುಹಮ್ಮದ್ ಆದಿಲ್ ಶಾಹನ ಕಾಲಕ್ಕೆ ಸೇರುತ್ತವೆ. ಎಲ್ಲವನ್ನೂ ತಂದೆಯ ಲೆಕ್ಕಕ್ಕೇ ಬರೆಯುವುದು ಅತ್ಯುತ್ಸಾಹವಾದೀತು. ಆದರೆ ಆ ಕೈಗಳು ಪಳಗಿದ ಆಸ್ಥಾನವನ್ನು ಕಟ್ಟಿದವನು ತಂದೆಯೇ.

ಮೆಂತ್ಯ, ಪಟಿಕ, ತಾಳ್ಮೆ

ನಂಜನಗೂಡಿನ ಹಿತ್ತಿಲಿನಲ್ಲಿ ಕಂಡ ವಿಧಾನಕ್ಕೂ ಅಂದಿನ ವಿಧಾನಕ್ಕೂ ತತ್ವದಲ್ಲಿ ಅಂತರವಿಲ್ಲ. ಬಣ್ಣ ಮುಳುಗದಿರಲು ನೀರು ದಪ್ಪಗಿರಬೇಕು. ಟರ್ಕಿ, ಇರಾನುಗಳಲ್ಲಿ ಟ್ರಾಗಕಾಂತ್ ಎಂಬ ಗೋಂದನ್ನು ಬಳಸುತ್ತಿದ್ದರು. ಮೆಂತ್ಯದ ಲೋಳೆಯ ಉಲ್ಲೇಖವೂ ಹಳೆಯ ಪರ್ಷಿಯನ್ ವಿಧಾನಗಳಲ್ಲಿದೆ. ಇಂದಿನ ಹವ್ಯಾಸಿಗಳು ಹೆಚ್ಚಾಗಿ ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್ ಪುಡಿಯನ್ನು ನೀರಿಗೆ ಕಲಸಿ, ಗುಳ್ಳೆಗಳು ಇಳಿಯಲೆಂದು ಒಂದು ರಾತ್ರಿ ಬಿಡುತ್ತಾರೆ. ಬಣ್ಣ ಹರಡುವಂತೆ ಮಾಡಲು ಹಿಂದೆ ಎತ್ತಿನ ಪಿತ್ತರಸವನ್ನು ಬೆರೆಸುತ್ತಿದ್ದರು. ಪಿತ್ತ ಹೆಚ್ಚಾದಷ್ಟೂ ಹನಿಯ ಮೇಲ್ಮೈ ಸೆಳೆತ ಕುಗ್ಗಿ ಅದು ದೂರ ಹರಡುತ್ತದೆ, ಮೊದಲೇ ಇದ್ದ ಬಣ್ಣವನ್ನು ಅತ್ತ ಸರಿಸುತ್ತದೆ. ಈಗ ನೀರು ಬೆರೆಸಿ ತೆಳುಮಾಡಿದ ಅಕ್ರಿಲಿಕ್ ಬಣ್ಣದಲ್ಲೇ ಕೆಲಸ ನಡೆಯುತ್ತದೆ.

ಬಣ್ಣ ತೊಳೆದುಹೋಗದಂತೆ ಹಿಡಿದಿಡುವುದು ಪಟಿಕ. ಹಾಳೆಗಾದರೆ ಪಟಿಕದ ನೀರನ್ನು ಸ್ಪಂಜಿನಿಂದ ಒರೆಸಿ ಒಣಗಿಸಿದರೆ ಸಾಕು. ಹತ್ತಿ, ರೇಷ್ಮೆಯ ಬಟ್ಟೆಯಾದರೆ ಮೊದಲು ಗಂಜಿ ಹೋಗುವಂತೆ ಒಗೆದು, ಪಟಿಕದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಬೇಕು. ಸುಕ್ಕು ಉಳಿದರೆ ಅಲ್ಲಿ ಬಣ್ಣ ಹತ್ತದು. ತಟ್ಟೆಗೆ ಇಳಿಸುವಾಗ ಅಡಿಯಲ್ಲಿ ಗಾಳಿ ಸಿಕ್ಕಿದರೆ ಬಿಳಿಯ ಕಲೆ ಉಳಿಯುತ್ತದೆ. ಕರವಸ್ತ್ರವನ್ನು ಇಬ್ಬರು ನಾಲ್ಕು ಮೂಲೆ ಹಿಡಿದು ನಡುಭಾಗವನ್ನು ಮೊದಲು ತಾಗಿಸಿದರೆ ಈ ತೊಂದರೆಯಿಲ್ಲ. ಎತ್ತಿದೊಡನೆ ತಣ್ಣೀರಿನಲ್ಲಿ ಮೆಲ್ಲನೆ ಜಾಲಾಡಿ ಲೋಳೆ ತೆಗೆದು ಒಣಹಾಕುವುದು. ಇದಕ್ಕೆ ಬಳಸಿದ ಪಾತ್ರೆಯನ್ನು ಮರಳಿ ಅಡುಗೆಗೆ ತರಬಾರದು. ಮತ್ತು ಒಂದು ಚಿತ್ತಾರ ಒಂದೇ ಬಾರಿ. ಎರಡನೆಯ ಪ್ರತಿ ಎಂಬುದು ಇಲ್ಲ.

ಮೈಸೂರು ಸೀಮೆಯ ಗೃಹಿಣಿಯರಿಗೆ ನೀರಿನ ಮೇಲೆ ಬಣ್ಣ ನಿಲ್ಲಿಸುವುದು ತೀರ ಅಪರಿಚಿತವೂ ಅಲ್ಲ. ಹಬ್ಬದ ದಿನ ಹರಿವಾಣದ ನೀರಿನ ಮೇಲೆ ಇದ್ದಿಲ ಪುಡಿಯ ತೆಳುಪದರ ಹರಡಿ ಅದರ ಮೇಲೆ ರಂಗೋಲಿ ಬಿಡುವುದನ್ನು ಅನೇಕರು ಬಲ್ಲರು. ಅಬ್ರಿಯ ಮಾದರಿಯನ್ನು ನಾವೆಲ್ಲ ಇನ್ನೊಂದು ಕಡೆಯೂ ಕಂಡಿದ್ದೇವೆ: ಅಂಗಡಿ, ಕಚೇರಿಗಳ ಹಳೆಯ ದಪ್ಪ ರಿಜಿಸ್ಟರುಗಳ ರಟ್ಟಿನ ಮೇಲೆ. ಅದು ಯಂತ್ರದಲ್ಲಿ ಅಚ್ಚು ಹಾಕಿದ ನಕಲು. ಯುರೋಪಿನ ಪುಸ್ತಕ ಕಟ್ಟುವವರಿಂದ ಬ್ರಿಟಿಷರ ಕಚೇರಿಗೆ, ಅಲ್ಲಿಂದ ನಮ್ಮ ಕಚೇರಿಗೆ ಬಂದದ್ದು. ಯುರೋಪಿನವರಿಗೆ ಈ ವಿದ್ಯೆ ತಿಳಿದದ್ದು ಟರ್ಕಿಗೆ ಹೋಗಿಬಂದ ಪ್ರವಾಸಿಗಳಿಂದ. ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ತನ್ನ ಕೊನೆಯ ಗ್ರಂಥದಲ್ಲಿ ಇದನ್ನು ತುರ್ಕರ ವಿಚಿತ್ರ ಕಲೆಯೆಂಬಂತೆ ವರ್ಣಿಸಿದ. ಆ ಗ್ರಂಥ ಬೆಳಕು ಕಂಡು ಬಹಳ ಕಾಲ ಕಳೆಯುವ ಮೊದಲೇ, 1627ರಲ್ಲಿ, ಬಿಜಾಪುರದ ಬಾದಶಹ ಕಣ್ಣು ಮುಚ್ಚಿದ.

ಯಾರ ಹೆಸರು ಉಳಿಯಿತು?

ಅದಕ್ಕೂ ಮೊದಲು ನಡೆದ ಒಂದು ಘಟನೆಯನ್ನು ಹೇಳಬೇಕು. ಇರಾನಿನಿಂದ ಬಂದ ಖಲೀಲುಲ್ಲಾ ಎಂಬ ಲಿಪಿಕಾರ 1618ರ ಸುಮಾರಿಗೆ ಕಿತಾಬ್-ಎ-ನೌರಸ್‌ನ ಪ್ರತಿಯೊಂದನ್ನು ಸುಂದರವಾಗಿ ಬರೆದು ಒಪ್ಪಿಸಿದ. ದೊರೆ ಆತನಿಗೆ ಕೊಟ್ಟ ಬಿರುದು ಪಾದಶಾಹ್-ಎ-ಕಲಮ್. ಲೇಖನಿಯ ಬಾದಶಹ ಎಂದರ್ಥ. ಬಾದಶಹ ಎಂಬ ಪದವನ್ನು ಒಬ್ಬ ಅರಸ ತನ್ನ ಕೈಕೆಳಗಿನ ಕುಶಲಕರ್ಮಿಗೆ ಬಿಟ್ಟುಕೊಡುವುದೆಂದರೆ ಸಣ್ಣ ಮಾತಲ್ಲ. ಆ ಕಾಲದಲ್ಲಿ ಇಂಥ ಪದಗಳಿಗಾಗಿ ತಲೆಗಳೇ ಉರುಳುತ್ತಿದ್ದವು.

ಇಬ್ರಾಹಿಂ ರೋಜಾದ ಶಾಸನದಲ್ಲಿಯೂ ಇದೇ ಮನೋಧರ್ಮ ಕಾಣುತ್ತದೆ. ರಾಣಿ ತಾಜ್ ಸುಲ್ತಾನಳಿಗಾಗಿ ಆರಂಭವಾಗಿ, ಕೊನೆಗೆ ದೊರೆಗೂ ವಿಶ್ರಾಂತಿಸ್ಥಾನವಾದ ಈ ಸಮಾಧಿಯನ್ನು ಕಟ್ಟಿಸಿದವನು ಮಲಿಕ್ ಸಂದಲ್ ಎಂದು ಕಲ್ಲಿನಲ್ಲಿಯೇ ಕೊರೆದಿದೆ. ಒಂದೂವರೆ ಲಕ್ಷ ಹೊನ್ನಿಗೆ ಮೇಲೆ 900 ಹೊನ್ನು ಎಂದು ಖರ್ಚಿನ ಲೆಕ್ಕವೂ ಇದೆ. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಸಮಾಧಿ ಮತ್ತು ಮಸೀದಿ. ಕಿಟಕಿಗಳ ಕಲ್ಲಿನ ಜಾಲಂದ್ರಗಳೇ ಅಕ್ಷರಗಳು. ಬೆಳಕು ಒಳಬರುವುದು ಲಿಪಿಯ ಸಂದುಗಳಿಂದ. ಸುಣ್ಣದ ಗಾರೆಗಿಂತ ಕಾಗದವನ್ನು ಹೆಚ್ಚು ಪ್ರೀತಿಸಿದ ದೊರೆಗೆ ಒಪ್ಪುವ ಮನೆ.

ಹಾಗಿದ್ದರೆ ಮೋಡದ ಕಾಗದ ಮಾಡಿದವರ ಹೆಸರುಗಳೇಕೆ ಉಳಿಯಲಿಲ್ಲ? ಲಿಪಿಕಾರ ಪುಟದ ಕೊನೆಯಲ್ಲಿ ಸಹಿ ಹಾಕುತ್ತಿದ್ದ. ಚಿತ್ರಕಾರ ಕೆಲವೊಮ್ಮೆ ಮೂಲೆಯಲ್ಲಿ ಹೆಸರು ಬರೆಯುತ್ತಿದ್ದ. ಆ ಪುಟಕ್ಕೆ ಅಂಚಿನ ಕಾಗದ ಮಾಡಿಕೊಟ್ಟವನಿಗೆ ಸಹಿ ಹಾಕಲು ಜಾಗವಿರಲಿಲ್ಲ. ಆತನ ಹಾಳೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಇನ್ನೊಬ್ಬರ ಅಕ್ಷರದ ಸುತ್ತ ಅಂಟಿಸಲಾಗುತ್ತಿತ್ತು. ಬೆನ್ನಿಗೇನಾದರೂ ಬರೆದಿದ್ದರೂ ಅದು ಅಂಟಿನಡಿಯಲ್ಲಿ ಹೋಯಿತು. ಕುದುರೆ, ಆನೆಗಳ ಚಿತ್ರಗಳಲ್ಲೂ ಬಹುಪಾಲಿಗೆ ಸಹಿಯಿಲ್ಲ.

ಈ ಪ್ರಶ್ನೆ ಬಿಜಾಪುರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನಂಜನಗೂಡಿನ ದೇವಾಲಯಕ್ಕೆ ಹೋದವರು ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿಯರೊಂದಿಗೆ ಕೈಮುಗಿದು ನಿಂತ ಭಕ್ತವಿಗ್ರಹವನ್ನು ಕಾಣುತ್ತಾರೆ. 1845ರ ಮಹಾಗೋಪುರ ರಾಣಿ ದೇವಾಜಮ್ಮಣ್ಣಿಯವರ ಸೇವೆಯೆಂಬುದೂ ಪ್ರಸಿದ್ಧ. ಗೋಪುರದ ಗಾರೆ ಬೊಂಬೆಗಳನ್ನು ತಿದ್ದಿದ ಕೈಗಳನ್ನು ಯಾರೂ ಹೆಸರಿಸುವುದಿಲ್ಲ. ಅಲ್ಲಿಂದ ಹೆಚ್ಚು ದೂರವಿಲ್ಲದ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಚಿತ್ರ ಬೇರೆ. 13ನೇ ಶತಮಾನದ ಆ ಹೊಯ್ಸಳ ದೇಗುಲವನ್ನು ಕಟ್ಟಿಸಿದ ದಂಡನಾಯಕ ಸೋಮನಾಥನ ಹೆಸರು ಶಾಸನದಲ್ಲಿದ್ದರೆ, ವಿಗ್ರಹಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಇನ್ನೂ ಹಲವು ಶಿಲ್ಪಿಗಳು ಅಲ್ಲಿ ತಮ್ಮ ಗುರುತು ಬಿಟ್ಟಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಸೋಮನಾಥಪುರವೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಮಲ್ಲಿತಮ್ಮನ ಹೆಸರನ್ನೂ ಜನ ನೆನೆಯಲು ಸಾಧ್ಯವಾದದ್ದು ಆತ ಕಲ್ಲಿನಲ್ಲಿ ಬರೆದುಕೊಂಡಿದ್ದರಿಂದ. ಕಲ್ಲಿಗೆ ಬೆನ್ನಿನ ಬದಿಯ ಅಂಟಿನ ಭಯವಿಲ್ಲ.

ಇಬ್ರಾಹಿಂನದು ಕೊರತೆಯಿಲ್ಲದ ಔದಾರ್ಯವೆಂದು ಹೊಗಳುವವರು ಈ ಅಂಶವನ್ನು ಗಮನಿಸಿಲ್ಲ. ಆತ ಲೇಖನಿಗೆ ಕಿರೀಟ ತೊಡಿಸಿದ. ತಂಬೂರಕ್ಕೆ ಹೆಸರಿಟ್ಟ, ಆನೆಗೆ ಹೆಸರಿಟ್ಟ, ಆ ಹೆಸರುಗಳು ಇಂದಿಗೂ ಪುಸ್ತಕದಲ್ಲಿವೆ. ಮೆಂತ್ಯದ ಲೋಳೆಯ ಮುಂದೆ ಬೆನ್ನು ಬಾಗಿಸಿ ಕುಳಿತವನ ಹೆಸರು ಆ ಪುಸ್ತಕದಲ್ಲಿಲ್ಲ.

ಕೊನೆಯ ವರ್ಷಗಳು, ಆಮೇಲೆ

ಬಾದಶಹನ ಕೊನೆಯ ದಿನಗಳು ಸುಖದವಲ್ಲ. ಮೊಘಲರೊಂದಿಗೆ ಸ್ನೇಹವಿರಲೆಂದು ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ 1604ರಲ್ಲಿ ಮದುವೆ ಮಾಡಿಕೊಟ್ಟಿದ್ದ. ಮರುವರ್ಷವೇ ದಾನಿಯಾಲ್ ತೀರಿಕೊಂಡ. 1619ರಲ್ಲಿ ಬೀದರ್ ಬಿಜಾಪುರದ ವಶವಾಯಿತು. ಬರೀದ್ ಶಾಹಿ ಮನೆತನ ಅಲ್ಲಿಗೆ ಮುಗಿಯಿತು. ಆದರೆ 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ಭಾತವಡಿಯಲ್ಲಿ ಮೊಘಲ್ ಮತ್ತು ಬಿಜಾಪುರದ ಪಡೆಗಳನ್ನು ಒಟ್ಟಿಗೇ ಸೋಲಿಸಿ, ಬಿಜಾಪುರದವರೆಗೂ ನುಗ್ಗಿ ಬಂದ. ಕೋಟೆಯ ಗೋಡೆ ಗಟ್ಟಿಯಾಗಿತ್ತು. ಗೋಡೆ ಪೂರ್ಣವಾಗದ ನವರಸಪುರ ಸುಲಿಗೆಗೆ ಸಿಕ್ಕಿತು. ಇಪ್ಪತ್ತೈದು ವರ್ಷ ಕನಸು ಕಂಡು ಕಟ್ಟುತ್ತಿದ್ದ ನಗರಿ ಹಾಳುಬಿದ್ದದ್ದನ್ನು ದೊರೆ ಜೀವಂತವಿದ್ದು ನೋಡಬೇಕಾಯಿತು. ಮೂರು ವರ್ಷಗಳ ನಂತರ ಆತನನ್ನು ರೋಜಾದಲ್ಲಿ ಮಣ್ಣುಮಾಡಲಾಯಿತು. ಸುಮಾರು 47 ವರ್ಷ ಸಿಂಹಾಸನದಲ್ಲಿದ್ದವನು.

ಮಗ ಮುಹಮ್ಮದನ ಕಾಲದಲ್ಲಿ ರಾಜ್ಯ ದೊಡ್ಡದಾಯಿತು, ಗೋಲ ಗುಮ್ಮಟ ಎದ್ದಿತು. ಸರದಾರ ರಣದುಲ್ಲಾ ಖಾನನ ಸೈನ್ಯ 1638ರ ವೇಳೆಗೆ ಬೆಂಗಳೂರನ್ನು ದಾಟಿ ಕಾವೇರಿಯ ದಡದ ಶ್ರೀರಂಗಪಟ್ಟಣದವರೆಗೂ ಬಂತು; ಕಂಠೀರವ ನರಸರಾಜ ಒಡೆಯರು ಅದನ್ನು ಹಿಮ್ಮೆಟ್ಟಿಸಿದರು. ಬಿಜಾಪುರ ನಮ್ಮ ಮೈಸೂರು ಸೀಮೆಗೆ ಪರಿಚಯವಾದದ್ದು ಹೀಗೆ, ಕತ್ತಿಯ ಮೂಲಕ. ಕಾಗದದ ಮೂಲಕ ಪರಿಚಯವಾಗಲು ಅವಕಾಶವಾಗಲಿಲ್ಲ.

1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಬಿಜಾಪುರ ಶರಣಾಯಿತು. ಕಲಾವಿದರು ಚದುರಿದರು. ಅರಮನೆಯ ಗ್ರಂಥಗಳಲ್ಲಿ ಆಸಾರ್ ಮಹಲಿನಲ್ಲಿ ಉಳಿದಿದ್ದವನ್ನು 19ನೇ ಶತಮಾನದ ನಡುವಿನಲ್ಲಿ ಬ್ರಿಟಿಷರು ಲಂಡನ್ನಿಗೆ ಸಾಗಿಸಿದರು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಬ್ರಿ ಚಿತ್ರಗಳು ಹಲವು ದೇಶಗಳ ಸಂಗ್ರಹಗಳಿಗೆ ಹಂಚಿಹೋದವು. 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ದಖ್ಖನಿ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನವೊಂದನ್ನು ಏರ್ಪಡಿಸಿದಾಗ ಇಂಥ ಹಲವು ಹಾಳೆಗಳು ಒಂದೆಡೆ ಸೇರಿದವು. ಅದರ ಜೊತೆಗೆ ಬಂದ ಗ್ರಂಥದಲ್ಲಿ ಅಬ್ರಿಗೇ ಮೀಸಲಾದ ಲೇಖನವಿದೆ. ಕನ್ನಡದಲ್ಲಿಯೂ ಈ ಕಾಗದದ ಬಗ್ಗೆ ಅಷ್ಟು ವಿವರವಾದ ಪುಸ್ತಕವೊಂದು ಬರಬೇಕಾಗಿದೆ.

ವಿಜಯಪುರಕ್ಕೆ ಹೋಗುವವರು ಗೋಲ ಗುಮ್ಮಟದ ಪಿಸುಮಾತಿನ ಗ್ಯಾಲರಿ ನೋಡಿ, ಸಮಯವುಳಿದರೆ ರೋಜಾಕ್ಕೆ ಹೋಗುವುದು ರೂಢಿ. ಊರಿನ ಪಶ್ಚಿಮದ ಅಂಚಿನಲ್ಲಿರುವ ರೋಜಾಕ್ಕೆ ಮಧ್ಯಾಹ್ನ ಕಳೆದ ಮೇಲೆ ಹೋಗುವುದು ಒಳ್ಳೆಯದು. ಆ ಹೊತ್ತಿಗೆ ಇಳಿಬಿಸಿಲು ಜಾಲಂದ್ರದ ಅಕ್ಷರಗಳ ನಡುವಿನಿಂದ ತೂರಿಬರುತ್ತದೆ. ಅಲ್ಲಿಂದ ಇನ್ನೂ ಮುಂದೆ, ತೊರವಿಯ ದಾರಿಯಲ್ಲಿ, ನವರಸಪುರದ ಕಮಾನುಗಳಿವೆ.